ಸೊಳ್ಳೆ ಇರುವ ಊರಲ್ಲಿ ಕೆಟ್ಟ ಜೀನ್ ಯಾಕೆ ಉಳಿಯಿತು?

ಮದುವೆ ಮಾತುಕತೆಗೆ ಮುಂಚೆ ಜಾತಕ ನೋಡುವುದು ನಮಗೆಲ್ಲ ಗೊತ್ತಿರುವ ವಿಷಯ. ದೇಶದ ಕೆಲವು ಬುಡಕಟ್ಟು ಹಳ್ಳಿಗಳಲ್ಲಿ ಈಗ ಆರೋಗ್ಯ ಕಾರ್ಯಕರ್ತರು ಇನ್ನೊಂದು ಕಾರ್ಡ್ ಕೂಡ ನೋಡಿ ಎನ್ನುತ್ತಿದ್ದಾರೆ. ಅದು ರಕ್ತಪರೀಕ್ಷೆಯ ಕಾರ್ಡ್. ಅದರಿಂದ ತಿಳಿಯುವುದು ಇಷ್ಟೇ: ಇವರಿಗೆ ಸಿಕಲ್ ಸೆಲ್ ಎಂಬ, ವಂಶದಲ್ಲಿ ಹರಿದುಬರುವ ರಕ್ತದ ಕಾಯಿಲೆ ಇದೆಯೇ, ಇಲ್ಲವೇ, ಅಥವಾ ಕಾಯಿಲೆ ಇಲ್ಲದಿದ್ದರೂ ಅದರ ಜೀನ್ ಒಂದನ್ನು ಹೊತ್ತಿದ್ದಾರೆಯೇ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುವಾದ ರಾಷ್ಟ್ರೀಯ ಯೋಜನೆಯ ಕಾರ್ಡ್ ಇದು. 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷಿಸಬೇಕು, 2047ರೊಳಗೆ ಕಾಯಿಲೆಯನ್ನು ನಿವಾರಿಸಬೇಕು ಎಂಬುದು ಗುರಿ. ಯೋಜನೆಯ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ, ಮೈಸೂರು ಕೊಡಗು ಕಡೆಯ ಜೇನು ಕುರುಬರ ಹಾಡಿಗಳಲ್ಲಿ ಈ ಕಾಯಿಲೆ ಕಾಣಿಸುತ್ತದೆ.

ಈ ಕಾರ್ಡಿನ ಹಿಂದೆ ಶಾಲೆಯ ಜೀವಶಾಸ್ತ್ರದ ಮೂರು ಪಾಠಗಳಿವೆ. ಅನುವಂಶೀಯತೆ, ವಿಕಾಸ, ಪರಿಸರ. ನಾವು ಓದುವಾಗ ಇವು ಒಂದಕ್ಕೊಂದು ಬಸ್ಸೇ ಇಲ್ಲದ ಮೂರು ಊರುಗಳ ಹಾಗಿದ್ದವು. ಒಂದರಲ್ಲಿ ಬಟಾಣಿ ಗಿಡ, ಇನ್ನೊಂದರಲ್ಲಿ ಜಿರಾಫೆಯ ಕುತ್ತಿಗೆ. ಮೂರನೆಯದು ಪುಸ್ತಕದ ಕೊನೆಗೆ ಇರುತ್ತಿತ್ತು. ಆಹಾರ ಸರಪಳಿಯ ಒಂದು ಚಿತ್ರ ಬರೆಯೋಕೆ ಬಂದರೆ ಸಾಕು ಅಂತ ಅದನ್ನು ಬಿಟ್ಟೇಬಿಡುತ್ತಿದ್ದೆವು.

ಪಿಯುಸಿ ಓದುತ್ತಿರುವ ನನ್ನ ಅಕ್ಕನ ಮಗಳು ಮೊನ್ನೆ ಪಾಠ ಓದುತ್ತಾ ಕೇಳಿದಳು: "ಮಾಮ, ಇದು ಅಷ್ಟು ಕೆಟ್ಟ ಜೀನ್ ಆದರೆ ಇಷ್ಟು ಹೊತ್ತಿಗೆ ಅಳಿದುಹೋಗಬೇಕಿತ್ತು ಅಲ್ವಾ?" ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ಹೇಳಲು ಮೂರೂ ಪಾಠ ಬೇಕು.

ಹಾಲು ಹಾಳಾದ ಬಗೆ

1904ರ ಕೊನೆಯಲ್ಲಿ ಅಮೆರಿಕದ ಶಿಕಾಗೋದ ಒಂದು ಆಸ್ಪತ್ರೆಗೆ ಗ್ರೆನಡಾ ದ್ವೀಪದಿಂದ ಓದಲು ಬಂದಿದ್ದ ಹುಡುಗನೊಬ್ಬ ದಾಖಲಾದ. ಅವನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ವಿಚಿತ್ರ ಆಕಾರದ ಕಣಗಳು ಕಂಡವು. ಮಾಮೂಲಿ ಕೆಂಪು ರಕ್ತಕಣ ದುಂಡಗೆ ಇರುತ್ತದೆ, ಮಧ್ಯದಲ್ಲಿ ಎರಡೂ ಕಡೆ ತಗ್ಗು. ತೂತು ಪೂರ್ತಿ ಬೀಳದ ಉದ್ದಿನ ವಡೆ ಅಂದುಕೊಳ್ಳಿ. ಈ ಹುಡುಗನ ರಕ್ತದಲ್ಲಿ ಎಷ್ಟೋ ಕಣಗಳು ಕುಡುಗೋಲಿನಂತೆ ಬಾಗಿದ್ದವು. ವೈದ್ಯ ಜೇಮ್ಸ್ ಹೆರಿಕ್ 1910ರಲ್ಲಿ ಇದನ್ನು ಬರೆದು ಪ್ರಕಟಿಸಿದ. ಸಿಕಲ್ ಎಂದರೆ ಕುಡುಗೋಲು, ಹೆಸರು ಬಂದದ್ದು ಅಲ್ಲಿಂದ.

ಆಕಾರ ಯಾಕೆ ಕೆಟ್ಟಿತು? ಕೆಂಪು ಕಣದೊಳಗೆ ತುಂಬಿರುವುದು ಹಿಮೋಗ್ಲೋಬಿನ್ ಎಂಬ ಪ್ರೋಟೀನ್. ಆಮ್ಲಜನಕ ಹೊರುವ ಹಮಾಲಿ ಅದು. ಅದರಲ್ಲಿ ನಾಲ್ಕು ಎಳೆಗಳು, ಎರಡು ಆಲ್ಫಾ, ಎರಡು ಬೀಟಾ. ಬೀಟಾ ಎಳೆಯಲ್ಲಿ 146 ಅಮೈನೋ ಆಮ್ಲಗಳು ಮಣಿಸರದಂತೆ ಪೋಣಿಸಿಕೊಂಡಿವೆ. ಯಾವ ಮಣಿ ಆದಮೇಲೆ ಯಾವ ಮಣಿ ಎಂದು ಬರೆದಿಟ್ಟ ಚೀಟಿಯೇ ಜೀನ್. ಈ ಚೀಟಿ ನಮ್ಮ 11ನೇ ವರ್ಣತಂತುವಿನಲ್ಲಿದೆ.

ಡಿಎನ್‌ಎ ಭಾಷೆಗೆ ನಾಲ್ಕೇ ಅಕ್ಷರ. ಮೂರು ಮೂರು ಅಕ್ಷರ ಸೇರಿ ಒಂದು ಪದ. ಒಂದು ಪದಕ್ಕೆ ಒಂದು ಮಣಿ. ಬೀಟಾ ಎಳೆಯ ಆರನೇ ಮಣಿಗೆ ಇರಬೇಕಾದ ಪದ ಜಿಎಜಿ. ಅದರ ಅರ್ಥ ಗ್ಲುಟಾಮಿಕ್ ಆಮ್ಲ. ಸಿಕಲ್ ಸೆಲ್‌ನಲ್ಲಿ ನಡುವಿನ ಒಂದಕ್ಷರ ಬದಲಾಗಿ ಅದು ಜಿಟಿಜಿ ಆಗಿದೆ. ಅದರ ಅರ್ಥ ವ್ಯಾಲೀನ್. ತಪ್ಪು ಇಷ್ಟೇ. ಕನ್ನಡದಲ್ಲಿ ಬರೆಯುವಾಗ ಲ ಬದಲು ಳ ಬಿದ್ದರೆ ಹಾಲು ಹೋಗಿ ಹಾಳು ಆಗುತ್ತದಲ್ಲ, ಹಾಗೆ. ಇಂಥ ಬದಲಾವಣೆಗೆ ಪುಸ್ತಕದಲ್ಲಿ ಉತ್ಪರಿವರ್ತನೆ ಎಂಬ ಭಾರದ ಹೆಸರಿದೆ. ಎಲ್ಲ ಉತ್ಪರಿವರ್ತನೆಯೂ ಕೇಡಲ್ಲ. ಅದೇ ಜಿಎಜಿ ತಪ್ಪಿ ಜಿಎಎ ಆಗಿದ್ದರೆ ಏನೂ ಆಗುತ್ತಿರಲಿಲ್ಲ, ಯಾಕೆಂದರೆ ಅದರ ಅರ್ಥವೂ ಗ್ಲುಟಾಮಿಕ್ ಆಮ್ಲವೇ.

ಗ್ಲುಟಾಮಿಕ್ ಆಮ್ಲಕ್ಕೆ ನೀರೆಂದರೆ ಇಷ್ಟ, ವ್ಯಾಲೀನ್‌ಗೆ ನೀರೆಂದರೆ ಆಗದು. ಹಿಮೋಗ್ಲೋಬಿನ್ ತಾನು ಹೊತ್ತ ಆಮ್ಲಜನಕವನ್ನು ಇಳಿಸಿದ ಕೂಡಲೇ ಈ ವ್ಯಾಲೀನ್ ನೀರಿನಿಂದ ತಪ್ಪಿಸಿಕೊಳ್ಳಲು ಪಕ್ಕದ ಹಿಮೋಗ್ಲೋಬಿನ್‌ನ ಸಂದಿಯೊಳಗೆ ತೂರಿಕೊಳ್ಳುತ್ತದೆ. ಅದಕ್ಕೆ ಇನ್ನೊಂದು ಅಂಟುತ್ತದೆ, ಅದಕ್ಕೆ ಮತ್ತೊಂದು. ಹೂವಿನ ದಂಡೆಯಂತೆ ಉದ್ದುದ್ದ ಸರಗಳಾಗಿ ಕಣವನ್ನು ಒಳಗಿನಿಂದ ಎಳೆದು ಬಾಗಿಸುತ್ತವೆ. ಬಾಗಿದ ಕಣ ಸಣ್ಣ ರಕ್ತನಾಳದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ರಕ್ತ ಮುಂದೆ ಹೋಗದಾಗ ಮೂಳೆ, ಎದೆ, ಹೊಟ್ಟೆಯಲ್ಲಿ ತಡೆಯಲಾಗದ ನೋವು. ಸಾಮಾನ್ಯ ಕೆಂಪು ಕಣ 120 ದಿನ ಬಾಳುತ್ತದೆ. ಕುಡುಗೋಲು ಕಣ ಬಾಳುವುದು 10ರಿಂದ 20 ದಿನ. ಆದ್ದರಿಂದ ರಕ್ತಹೀನತೆ.

ಈ ಒಂದು ಮಣಿಯ ವ್ಯತ್ಯಾಸವನ್ನು 1950ರ ದಶಕದಲ್ಲಿ ವೆರ್ನನ್ ಇಂಗ್ರಾಮ್ ಹಿಡಿದುಕೊಟ್ಟ. ಅದಕ್ಕೂ ಮುಂಚೆ 1949ರಲ್ಲೇ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ರೋಗಿಗಳ ಹಿಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಬೇರೆ ಥರ ಚಲಿಸುತ್ತದೆ ಎಂದು ತೋರಿಸಿದ್ದರು. ಕಾಯಿಲೆಯೊಂದರ ಬೇರು ಒಂದು ಅಣುವಿನಲ್ಲಿದೆ ಎಂದು ಬೆರಳಿಟ್ಟು ತೋರಿಸಿದ್ದು ಅದೇ ಮೊದಲು.

ದುರ್ಬಲ ಎಂಬ ಪದ ಮಾಡಿದ ತೊಂದರೆ

ಪ್ರತಿ ಜೀನ್ ನಮ್ಮಲ್ಲಿ ಜೋಡಿಯಾಗಿ ಇರುತ್ತದೆ. ಒಂದು ಅಮ್ಮನಿಂದ, ಒಂದು ಅಪ್ಪನಿಂದ. ಒಂದೇ ಜೀನಿನ ಬೇರೆ ಬೇರೆ ರೂಪಗಳಿಗೆ ಆಲೀಲ್ ಎನ್ನುತ್ತಾರೆ. ಸರಿಯಾದ ಬೀಟಾ ರೂಪಕ್ಕೆ ಎ ಎಂದೂ ಸಿಕಲ್ ರೂಪಕ್ಕೆ ಎಸ್ ಎಂದೂ ಕರೆಯೋಣ. ಎ-ಎ ಇದ್ದವರಿಗೆ ಕಾಯಿಲೆ ಇಲ್ಲ. ಎಸ್-ಎಸ್ ಇದ್ದವರಿಗೆ ಕಾಯಿಲೆ. ಎ-ಎಸ್ ಇದ್ದವರು ವಾಹಕರು. ಅವರು ಸಾಮಾನ್ಯವಾಗಿ ಆರಾಮಾಗಿಯೇ ಇರುತ್ತಾರೆ.

ಇಲ್ಲಿ ಅನುವಂಶೀಯತೆಯ ನಿಯಮ ಕಂಡುಹಿಡಿದ ಮೆಂಡೆಲ್ ನೆನಪಾಗಬೇಕು. ಬ್ರನೋ ಊರಿನ ಮಠದ ತೋಟದಲ್ಲಿ ಅವನು ದುಂಡು ಬೀಜದ ಬಟಾಣಿಗೂ ಸುಕ್ಕು ಬೀಜದ ಬಟಾಣಿಗೂ ಸಂಕರ ಮಾಡಿದ. ಮೊದಲ ತಲೆಮಾರಿನಲ್ಲಿ ಬರೀ ದುಂಡು. ಅವುಗಳ ಮಕ್ಕಳಲ್ಲಿ 5474 ದುಂಡು, 1850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಸುಕ್ಕು ಎಲ್ಲೂ ಹೋಗಿರಲಿಲ್ಲ, ಒಂದು ತಲೆಮಾರು ಅಡಗಿ ಕುಳಿತಿತ್ತು ಅಷ್ಟೇ.

ಹಾಗೆ ಅಡಗುವುದಕ್ಕೆ ನಮ್ಮ ಪಠ್ಯಪುಸ್ತಕ ದುರ್ಬಲ ಗುಣ ಎನ್ನುತ್ತದೆ. ಎದ್ದು ಕಾಣುವುದಕ್ಕೆ ಪ್ರಬಲ ಗುಣ. ಈ ಪದಗಳಿಂದ ಆದ ಗೊಂದಲ ಅಷ್ಟಿಷ್ಟಲ್ಲ. ಪ್ರಬಲ ಎಂದರೆ ಗೆಲ್ಲುವುದು, ದುರ್ಬಲ ಎಂದರೆ ಕ್ರಮೇಣ ಸೋತು ಹೋಗುವುದು ಎಂದು ಮಕ್ಕಳು ತಿಳಿದರೆ ತಪ್ಪು ಅವರದಲ್ಲ. ಮುಖ್ಯವಾಗಿ, ಅದು ಜೀನಿನ ಸ್ವಭಾವವೇ ಅಲ್ಲ. ನಾವು ಯಾವುದನ್ನು ನೋಡುತ್ತಿದ್ದೇವೆ ಎಂಬುದರ ಮೇಲೆ ನಿಂತಿದೆ. ಕಾಯಿಲೆಯನ್ನು ನೋಡಿದರೆ ಎಸ್ ದುರ್ಬಲ, ಒಂದೇ ಇದ್ದರೆ ಕಾಯಿಲೆ ಬರುವುದಿಲ್ಲ. ಪೌಲಿಂಗ್ ಮಾಡಿದಂತೆ ಹಿಮೋಗ್ಲೋಬಿನ್ ಪರೀಕ್ಷಿಸಿದರೆ ವಾಹಕರ ರಕ್ತದಲ್ಲಿ ಎ ಮತ್ತು ಎಸ್ ಎರಡೂ ಸಿಗುತ್ತವೆ. ಆಗ ಎರಡೂ ಸಹಪ್ರಬಲ. ಮಲೇರಿಯಾದ ಕಡೆಯಿಂದ ನೋಡಿದರೆ ಇನ್ನೂ ಬೇರೆಯೇ ಚಿತ್ರ. ಅದಕ್ಕೆ ಆಮೇಲೆ ಬರುತ್ತೇನೆ.

ಇಬ್ಬರು ವಾಹಕರು ಮದುವೆಯಾದರೆ? ಅಮ್ಮ ಅಪ್ಪನ ಜೀನುಗಳು ಹೇಗೆಲ್ಲ ಜೋಡಿಯಾಗಬಹುದು ಎಂದು ತೋರಿಸುವ ಪುನೆಟ್ ಚೌಕದ ನಾಲ್ಕು ಮನೆ ತುಂಬಿ: ಎ-ಎ, ಎ-ಎಸ್, ಎಸ್-ಎ, ಎಸ್-ಎಸ್. ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು. ಇದನ್ನು ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ ಎಂದು ಓದಿಕೊಳ್ಳುವುದು ಬಹಳ ಸಾಮಾನ್ಯ. ಮೊದಲ ಮಗುವಿಗೆ ಬಂದಿದೆ, ಇನ್ನು ಮುಂದಿನ ಮೂವರಿಗೆ ಭಯವಿಲ್ಲ ಎಂಬ ಸಮಾಧಾನ ಅಲ್ಲಿಂದ ಹುಟ್ಟುತ್ತದೆ. ಚೌಕಾಬಾರ ಆಡಿದವರಿಗೆ ಗೊತ್ತು, ಹೋದ ಸಲ ಏನು ಬಿದ್ದಿತ್ತು ಎಂಬುದು ಕವಡೆಗೆ ನೆನಪಿರುವುದಿಲ್ಲ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದೇ. ಲೆಕ್ಕ ಹಾಕಿದರೆ ಇಂಥ ದಂಪತಿಯ ನಾಲ್ಕು ಮಕ್ಕಳಲ್ಲಿ ಒಬ್ಬರಿಗೂ ಕಾಯಿಲೆ ಬರದೆ ಇರುವ ಸಾಧ್ಯತೆ ಸುಮಾರು ನೂರಕ್ಕೆ 32. ಹಾಗೆಯೇ ಇಬ್ಬರಿಗೆ, ಮೂವರಿಗೆ ಬರಲೂಬಹುದು. ಕಾರ್ಡ್ ನೋಡಿ ಎನ್ನುವುದು ಇದಕ್ಕೇ.

ಹತ್ತಿರದ ಸಂಬಂಧದ ಮದುವೆಯ ಮಾತೂ ಇಲ್ಲೇ ಬರಬೇಕು. ನಮ್ಮ ಕಡೆ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ರೂಢಿ ಹಳೆಯದು. (ಪ್ರಶ್ನೆ ಕೇಳಿದ ನನ್ನ ಸೊಸೆ ಇದನ್ನು ಕೇಳಿ ಮುಖ ಸಿಂಡರಿಸಿದಳು ಅನ್ನಿ.) ಮಾವ ಮತ್ತು ಸೊಸೆ ತಮ್ಮ ಜೀನುಗಳಲ್ಲಿ ಸರಾಸರಿ ನಾಲ್ಕನೇ ಒಂದು ಭಾಗ ಹಂಚಿಕೊಂಡಿರುತ್ತಾರೆ. ಅವರ ಮಗುವಿನಲ್ಲಿ ಯಾವುದೇ ಒಂದು ಜೀನಿನ ಎರಡೂ ಪ್ರತಿಗಳು ಒಬ್ಬನೇ ಪೂರ್ವಿಕನಿಂದ ಬಂದಿರುವ ಸಾಧ್ಯತೆ ಎಂಟರಲ್ಲಿ ಒಂದು. ಅತ್ತೆ ಮಗಳು, ಮಾವನ ಮಗ ಮದುವೆಯಾದರೆ ಹದಿನಾರರಲ್ಲಿ ಒಂದು. ಸಂಬಂಧದ ಮದುವೆ ಹೊಸ ಕಾಯಿಲೆಯನ್ನು ಸೃಷ್ಟಿಸುವುದಿಲ್ಲ. ಅಡಗಿದ್ದ ಜೀನುಗಳು ಜೊತೆ ಸೇರುವ ದಾರಿಯನ್ನು ಹತ್ತಿರ ಮಾಡುತ್ತದೆ.

ಚಿಕಿತ್ಸೆಯ ಬಗ್ಗೆ ಎರಡು ಮಾತು. ಹೊಟ್ಟೆಯಲ್ಲಿರುವ ಮಗುವಿಗೆ ಬೇರೆಯೇ ಹಿಮೋಗ್ಲೋಬಿನ್ ಇರುತ್ತದೆ, ಅದರಲ್ಲಿ ಬೀಟಾ ಎಳೆ ಇಲ್ಲ. ಹುಟ್ಟಿದ ಕೆಲವು ತಿಂಗಳಲ್ಲಿ ಅದು ಕಡಿಮೆಯಾಗಿ ಬೀಟಾ ಬರುತ್ತದೆ. ಎಸ್-ಎಸ್ ಮಗು ಹುಟ್ಟಿದಾಗ ಚೆನ್ನಾಗಿದ್ದು ಆಮೇಲೆ ಕಾಯಿಲೆ ಬೀಳುವುದು ಅದಕ್ಕೇ. ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ, ಅಗ್ಗದ ಮಾತ್ರೆ ಹೊಟ್ಟೆಯಲ್ಲಿದ್ದಾಗಿನ ಆ ಮಗುವಿನ ಹಿಮೋಗ್ಲೋಬಿನ್ನನ್ನು ಮತ್ತೆ ಸ್ವಲ್ಪ ಹೆಚ್ಚಿಸುತ್ತದೆ. 2023ರ ಕೊನೆಗೆ ಬ್ರಿಟನ್ ಮತ್ತು ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕ್ರಿಸ್ಪರ್ (ಜೀನನ್ನು ಬೇಕಾದ ಕಡೆ ಕತ್ತರಿಸುವ ವಿಧಾನ) ಚಿಕಿತ್ಸೆಯೂ ಇದನ್ನೇ ಮಾಡುತ್ತದೆ. ಅದು ಕೆಟ್ಟ ಅಕ್ಷರವನ್ನು ತಿದ್ದುವುದಿಲ್ಲ, ಮಗುವಿನ ಹಿಮೋಗ್ಲೋಬಿನ್ನನ್ನು ಆರಿಸಿಟ್ಟಿದ್ದ ಸ್ವಿಚ್ಚನ್ನು ಕೆಡಿಸುತ್ತದೆ. ಬೆಲೆ ಅಮೆರಿಕದಲ್ಲಿ 22 ಲಕ್ಷ ಡಾಲರ್. ಹಾಡಿಯ ಮಟ್ಟಿಗೆ ಸದ್ಯಕ್ಕೆ ಮಾತ್ರೆಯೇ ಗತಿ.

ಸಾವಿರ ಜನರ ಊರು

ಈಗ ಸೊಸೆಯ ಪ್ರಶ್ನೆಗೆ ಬರೋಣ. ಎಸ್-ಎಸ್ ಮಕ್ಕಳಲ್ಲಿ ಬಹಳಷ್ಟು ಮಂದಿ, ಔಷಧ ಇಲ್ಲದ ಕಾಲದಲ್ಲಿ, ದೊಡ್ಡವರಾಗುವ ಮೊದಲೇ ಸಾಯುತ್ತಿದ್ದರು. ಸತ್ತವರ ಜೊತೆ ಎರಡೆರಡು ಎಸ್ ಹೋಗುತ್ತದೆ. ಸಾವಿರಾರು ವರ್ಷದಲ್ಲಿ ಅದು ಸೋರಿ ಖಾಲಿಯಾಗಬೇಕಿತ್ತು. ಆದರೆ ಪಶ್ಚಿಮ ಆಫ್ರಿಕದ ನೈಜೀರಿಯಾದಂಥ ಕಡೆ ಈಗಲೂ ನಾಲ್ಕರಲ್ಲಿ ಹೆಚ್ಚುಕಡಿಮೆ ಒಬ್ಬರು ವಾಹಕರು.

ಸುಳಿವು ಹಿಡಿದವನು ಆಂಥನಿ ಆಲಿಸನ್. ಕೀನ್ಯಾದಲ್ಲಿ ಬೆಳೆದವನು. 1949ರಲ್ಲಿ ಅಲ್ಲಿ ರಕ್ತದ ಮಾದರಿ ಸಂಗ್ರಹಿಸುತ್ತಾ ಹೋದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಸಮುದ್ರ ತೀರದಲ್ಲೂ ವಿಕ್ಟೋರಿಯಾ ಸರೋವರದ ಸುತ್ತಲೂ ವಾಹಕರು ಜಾಸ್ತಿ. ತಂಪಾದ ಎತ್ತರದ ನಾಡಿನಲ್ಲಿ ತೀರಾ ಕಡಿಮೆ. ಮಲೇರಿಯಾ ಇರುವ ಕಡೆ ಇದೆ, ಇಲ್ಲದ ಕಡೆ ಇಲ್ಲ. 1954ರಲ್ಲಿ ಅವನು ಪುರಾವೆ ಸಮೇತ ಬರೆದ: ಒಂದೇ ಒಂದು ಎಸ್ ಇದ್ದವರಿಗೆ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ವಾಹಕರ ಕಣದೊಳಗೆ ಮಲೇರಿಯಾದ ಪರಾವಲಂಬಿ ಹೊಕ್ಕರೆ ಆ ಕಣ ಬೇಗ ಬಾಗುತ್ತದೆ, ರಕ್ತ ಸೋಸುವ ಅಂಗವಾದ ಗುಲ್ಮ ಅದನ್ನು ಪರಾವಲಂಬಿ ಸಮೇತ ಎತ್ತಿ ಎಸೆಯುತ್ತದೆ. ಆಮ್ಲಜನಕ ಕಡಿಮೆ ಇರುವಲ್ಲಿ ಪರಾವಲಂಬಿ ಸರಿಯಾಗಿ ಬೆಳೆಯುವುದೂ ಇಲ್ಲ. ವಾಹಕರಿಗೂ ಮಲೇರಿಯಾ ತಗಲುತ್ತದೆ, ಆದರೆ ಪ್ರಾಣ ತೆಗೆಯುವ ಮಟ್ಟಕ್ಕೆ ಹೋಗುವುದು ತುಂಬಾ ಕಡಿಮೆ.

ಮಾತಿನಲ್ಲಿ ಹೇಳಿದರೆ ಇದು ಅರ್ಧ ಮಾತ್ರ ಅರ್ಥವಾಗುತ್ತದೆ. ಲೆಕ್ಕ ಮಾಡೋಣ. ಅಂಕಿಗಳು ನಾನು ಸುಲಭಕ್ಕೆಂದು ಆರಿಸಿಕೊಂಡವು.

ಒಂದು ಗಡಿಗೆಯಲ್ಲಿ 2000 ಹುಣಸೆ ಬೀಜ. ಅದರಲ್ಲಿ 200 ಬೀಜಗಳ ಸಿಪ್ಪೆ ಉಜ್ಜಿ ಬೆಳ್ಳಗೆ ಮಾಡಿದೆ, ಅವು ಎಸ್. ಉಳಿದ 1800 ಕಂದು, ಅವು ಎ. ಸಾವಿರ ಮಕ್ಕಳು ಕಣ್ಣು ಮುಚ್ಚಿ ಎರಡೆರಡು ಬೀಜ ಎತ್ತಿಕೊಳ್ಳುತ್ತಾರೆ. ಎರಡೂ ಬಿಳಿ ಸಿಗುವ ಸಾಧ್ಯತೆ ಹತ್ತರಲ್ಲೊಂದರ ಹತ್ತರಲ್ಲೊಂದು, ಅಂದರೆ ನೂರಕ್ಕೆ ಒಂದು. ಎರಡೂ ಕಂದು ನೂರಕ್ಕೆ 81. ಒಂದೊಂದು ನೂರಕ್ಕೆ 18. ಸಾವಿರದಲ್ಲಿ ಎಸ್-ಎಸ್ 10, ಎ-ಎಸ್ 180, ಎ-ಎ 810. ಪುಸ್ತಕದಲ್ಲಿ ಹಾರ್ಡಿ-ವೈನ್‌ಬರ್ಗ್ ಸೂತ್ರ ಎಂದು ಹೆದರಿಸುವ ವರ್ಗ ಸಮೀಕರಣ ಇದೇ. 1908ರದು. ಹುಣಸೆ ಬೀಜಕ್ಕಿಂತ ಅದರಲ್ಲಿ ಹೆಚ್ಚೇನೂ ಇಲ್ಲ.

ಈ ಊರಲ್ಲಿ ಮಲೇರಿಯಾ ಇದೆ. ಎಸ್-ಎಸ್ ಹತ್ತು ಮಕ್ಕಳಲ್ಲಿ ಒಂಬತ್ತು ಕಾಯಿಲೆಯಿಂದ ಸಾಯುತ್ತವೆ ಎನ್ನಿ. ಎ-ಎ ಮಕ್ಕಳಲ್ಲಿ ಹತ್ತರಲ್ಲಿ ಒಂದು ಮಲೇರಿಯಾದಿಂದ, ಅಂದರೆ 81 ಮಕ್ಕಳು. ಎ-ಎಸ್ 180 ಮಕ್ಕಳೂ ಉಳಿಯುತ್ತವೆ. ಈಗ ಉಳಿದವರು 910, ಅವರ ಕೈಯಲ್ಲಿರುವ ಬೀಜ 1820. ಅದರಲ್ಲಿ ಬಿಳಿ ಎಷ್ಟು? ಬದುಕುಳಿದ ಒಂದು ಎಸ್-ಎಸ್ ಮಗುವಿನ ಎರಡು, ವಾಹಕರ 180. ಒಟ್ಟು 182. 1820ರಲ್ಲಿ 182. ಮತ್ತೆ ಹತ್ತರಲ್ಲಿ ಒಂದೇ!

ಎಸ್ ಪಾಲು ಕಡಿಮೆಯಾಗಲೇ ಇಲ್ಲ. ಒಂದು ಕಡೆ ಕಾಯಿಲೆ 18 ಬಿಳಿ ಬೀಜ ಕಿತ್ತುಕೊಂಡಿತು, ಇನ್ನೊಂದು ಕಡೆ ಸೊಳ್ಳೆ 162 ಕಂದು ಬೀಜ ಕಿತ್ತುಕೊಂಡಿತು. ತಕ್ಕಡಿ ಸಮವಾಯಿತು. ಊರು ಹೀಗೇ ಇರುವವರೆಗೆ ಪ್ರತಿ ತಲೆಮಾರಿನಲ್ಲೂ ಆ ಒಂಬತ್ತು ಮಕ್ಕಳು ಸಾಯುತ್ತಲೇ ಇರುತ್ತವೆ. ನಿಸರ್ಗದ ಆಯ್ಕೆ ಎಂದರೆ ಯಾರೋ ಕುಳಿತು ಒಳ್ಳೆಯದನ್ನು ಆರಿಸುವುದು ಎಂಬ ಭಾವನೆ ಇಲ್ಲಿಗೆ ಬಿದ್ದುಹೋಗುತ್ತದೆ. ಆರಿಸುವವರು ಯಾರೂ ಇಲ್ಲ. ಉಳಿದವರು ಹೆತ್ತರು, ಅಷ್ಟೇ.

ಈಗ ಊರಿನಿಂದ ಮಲೇರಿಯಾ ತೆಗೆಯಿರಿ. ಎ-ಎ ಮಕ್ಕಳು ಯಾರೂ ಸಾಯುವುದಿಲ್ಲ. ಉಳಿಯುವವರು 991, ಬೀಜ 1982, ಬಿಳಿ ಅದೇ 182. ಪಾಲು ನೂರಕ್ಕೆ 10ರಿಂದ 9.2ಕ್ಕೆ ಇಳಿಯಿತು. ಮುಂದೆಯೂ ಇಳಿಯುತ್ತದೆ, ಆದರೆ ನಿಧಾನವಾಗಿ. ಎಸ್ ಅಪರೂಪವಾದಷ್ಟೂ ಎರಡು ಎಸ್ ಒಟ್ಟಿಗೆ ಸಿಗುವುದೂ ಅಪರೂಪ, ಹಾಗಾಗಿ ಉಳಿದ ಎಸ್‌ಗಳು ವಾಹಕರಲ್ಲಿ ಸುರಕ್ಷಿತ. ಗುಲಾಮರಾಗಿ ಅಮೆರಿಕಕ್ಕೆ ಸಾಗಿಸಲ್ಪಟ್ಟ ಆಫ್ರಿಕನ್ನರ ವಂಶದವರಲ್ಲಿ ಇಂದು ಹುಟ್ಟುವ ಸುಮಾರು 13 ಮಕ್ಕಳಲ್ಲಿ ಒಂದು ವಾಹಕ. ಪಶ್ಚಿಮ ಆಫ್ರಿಕಕ್ಕಿಂತ ಕಡಿಮೆ. ಬೇರೆ ಜನರೊಡನೆ ಬೆರೆತದ್ದು ಒಂದು ಕಾರಣ, ಮಲೇರಿಯಾ ಇಲ್ಲದ್ದು ಇನ್ನೊಂದು.

ನಮ್ಮ ವಿಕಾಸ ಎಂಬ ಪದದ ಬಗ್ಗೆ ನನಗೊಂದು ತಕರಾರಿದೆ. ಅರಳುವುದು, ಏಳಿಗೆ ಹೊಂದುವುದು ಎಂಬ ಅರ್ಥ ಅದರಲ್ಲೇ ಇದೆ. ವಿಧಾನಸೌಧದ ಪಕ್ಕದ ಕಟ್ಟಡಕ್ಕೆ ವಿಕಾಸಸೌಧ ಎಂದು ಹೆಸರಿಟ್ಟದ್ದು ಅದೇ ಅರ್ಥದಲ್ಲಿ. ಎಸ್ ಜೀನ್ ಹೆಚ್ಚಾದದ್ದೂ ವಿಕಾಸವೇ, ಕಡಿಮೆಯಾದದ್ದೂ ವಿಕಾಸವೇ. ಇದರಲ್ಲಿ ಏಳಿಗೆ ಎಲ್ಲಿದೆ? ಒಂದು ಗುಂಪಿನಲ್ಲಿ ಆಲೀಲ್‌ಗಳ ಪಾಲು ತಲೆಮಾರಿನಿಂದ ತಲೆಮಾರಿಗೆ ಬದಲಾಗುವುದು, ಇಷ್ಟೇ ಅದರ ಅರ್ಥ. ಪರೀಕ್ಷೆಯಲ್ಲಿ ಈ ಒಂದು ಸಾಲು ಬರೆದರೆ ಜಿರಾಫೆ ಬೇಕಾಗುವುದಿಲ್ಲ.

ಭಾರತದಲ್ಲಿ ಈ ಜೀನ್ ಮೊದಲು ಕಂಡದ್ದು 1952ರಲ್ಲಿ, ನಮ್ಮ ಚಾಮರಾಜನಗರಕ್ಕೆ ಅಂಟಿಕೊಂಡೇ ಇರುವ ನೀಲಗಿರಿಯ ಬುಡಕಟ್ಟು ಜನರಲ್ಲಿ. ಇಲ್ಲಿನ ಎಸ್ ಸುತ್ತಲಿರುವ ಡಿಎನ್‌ಎ ಬರಹ ಆಫ್ರಿಕದ ಎಸ್ ಸುತ್ತಲಿನದಕ್ಕಿಂತ ಬೇರೆ. ಹಾಗಾಗಿ ಅದೇ ತಪ್ಪು ಬೇರೆ ಬೇರೆ ಕಡೆ ಬೇರೆ ಬೇರೆ ಸಲ ಆಗಿದೆ ಎಂದು ಬಹಳ ಕಾಲ ನಂಬಿದ್ದರು. 2018ರಲ್ಲಿ ಬಂದ ಒಂದು ಅಧ್ಯಯನ, ಸುಮಾರು 7300 ವರ್ಷ ಹಿಂದೆ ಒಂದೇ ಮಗುವಿನಲ್ಲಿ ಹುಟ್ಟಿ ಹರಡಿದ್ದು ಎಂದು ವಾದಿಸಿತು. ಒಂದಂತೂ ನಿಜ: ಭಾರತದ ರೂಪದವರಲ್ಲಿ ಮಗುವಿನ ಹಿಮೋಗ್ಲೋಬಿನ್ ದೊಡ್ಡವರಾದ ಮೇಲೂ ಸ್ವಲ್ಪ ಜಾಸ್ತಿ ಉಳಿದಿರುತ್ತದೆ. ಅದರಿಂದ ಎಷ್ಟೋ ಮಂದಿಗೆ ಕಾಯಿಲೆ ಸೌಮ್ಯ. ಎಲ್ಲರಿಗೂ ಅಲ್ಲ.

ಸೊಳ್ಳೆಯ ವಿಳಾಸ

ಇಲ್ಲಿಯವರೆಗೆ ಮಲೇರಿಯಾ ಇದೆ, ಇಲ್ಲ ಎಂದು ಸಲೀಸಾಗಿ ಹೇಳಿಕೊಂಡು ಬಂದೆ. ಅದು ಒಂದು ಊರಲ್ಲಿ ಯಾಕಿದೆ, ಪಕ್ಕದ ಊರಲ್ಲಿ ಯಾಕಿಲ್ಲ? ಇದಕ್ಕೆ ಉತ್ತರ ಕೊನೆಯ ಪಾಠದಲ್ಲಿದೆ. ಪರಿಸರ ಎಂದರೆ ಜೂನ್ 5ರಂದು ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುವುದು ಎಂದಾಗಿಬಿಟ್ಟಿದೆ. ಆದರೆ ಆ ಪಾಠ ಕೇಳುವ ಪ್ರಶ್ನೆ ಬೇರೆ: ಯಾವ ಜೀವಿ ಎಲ್ಲಿ ಬದುಕುತ್ತದೆ, ಯಾರನ್ನು ಅವಲಂಬಿಸಿ, ಯಾರಿಗೆ ಆಹಾರವಾಗಿ?

ಮಲೇರಿಯಾದ ಪರಾವಲಂಬಿಗೆ ಎರಡು ಮನೆ. ಒಂದು ನಾವು, ಇನ್ನೊಂದು ಹೆಣ್ಣು ಅನಾಫಿಲಿಸ್ ಸೊಳ್ಳೆ. ಸೊಳ್ಳೆಯ ಹೊಟ್ಟೆಯಲ್ಲಿ ಅದನ್ನು ಮೊದಲು ಕಂಡವನು ರೊನಾಲ್ಡ್ ರಾಸ್, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ. ಅದಕ್ಕೂ ಮುಂಚೆ 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ಸೇನಾ ವೈದ್ಯನಾಗಿದ್ದಾಗಲೇ, ನೀರು ನಿಲ್ಲದಂತೆ ಮಾಡಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂದು ಅವನು ಗಮನಿಸಿದ್ದ. ಚಳಿ ಇರುವಲ್ಲಿ ಪರಾವಲಂಬಿ ಸೊಳ್ಳೆಯೊಳಗೆ ಬಲಿಯುವ ಮೊದಲೇ ಸೊಳ್ಳೆಯ ಆಯುಸ್ಸು ಮುಗಿಯುತ್ತದೆ. ಕೀನ್ಯಾದ ಎತ್ತರದ ನಾಡಿನಲ್ಲಿ ಎಸ್ ಇಲ್ಲದ್ದರ ಗುಟ್ಟು ಇಲ್ಲಿದೆ.

ಇನ್ನೊಂದು ಗುಟ್ಟು ನೇಗಿಲು, ಗುದ್ದಲಿಯಲ್ಲಿದೆ. ಫ್ರಾಂಕ್ ಲಿವಿಂಗ್‌ಸ್ಟನ್ ಎಂಬ ಮಾನವಶಾಸ್ತ್ರಜ್ಞ 1958ರಲ್ಲಿ ಹೇಳಿದ್ದು ಇದು. ದಟ್ಟ ಕಾಡಿನ ನೆರಳಲ್ಲಿ ಆಫ್ರಿಕದ ಮುಖ್ಯ ಮಲೇರಿಯಾ ಸೊಳ್ಳೆ ಅಷ್ಟಾಗಿ ಬೆಳೆಯದು, ಅದಕ್ಕೆ ಬಿಸಿಲು ಬೀಳುವ ಸಣ್ಣ ಹೊಂಡ ಬೇಕು. ಜನ ಕಾಡು ಕಡಿದು ಗೆಣಸು ನೆಟ್ಟರು. ಬಿಸಿಲು ಬಿತ್ತು, ಹೊಂಡಗಳಾದವು, ಜನ ಒಂದೇ ಕಡೆ ಗುಂಪಾಗಿ ನೆಲೆಸಿದರು. ಮಲೇರಿಯಾ ಬೇರೂರಿತು. ಅದರ ಹಿಂದೆಯೇ ಎಸ್ ಹೆಚ್ಚಾಯಿತು. ಅಂದರೆ ಗುದ್ದಲಿ ಭೂಮಿಯನ್ನು ಬದಲಿಸಿತು, ಭೂಮಿ ಸೊಳ್ಳೆಯನ್ನು, ಸೊಳ್ಳೆ ನಮ್ಮ ರಕ್ತವನ್ನು. ನನಗಂತೂ ಜೀವಶಾಸ್ತ್ರದಲ್ಲಿ ಇದಕ್ಕಿಂತ ಮೈ ಜುಮ್ಮೆನಿಸುವ ಸಂಗತಿ ಇನ್ನೊಂದು ಕಂಡಿಲ್ಲ.

ಸೊಳ್ಳೆ ಎಂದರೆ ಒಂದೇ ಜಾತಿಯಲ್ಲ. ನಮ್ಮ ರಾಜ್ಯದಲ್ಲೇ ನೋಡಿ. ಫ್ಲುವಿಯಾಟಿಲಿಸ್ ಎಂಬ ಅನಾಫಿಲಿಸ್‌ಗೆ ಮಲೆನಾಡಿನ ನಿಧಾನ ಹರಿಯುವ ಹಳ್ಳ ಇಷ್ಟ. ಕ್ಯುಲಿಸಿಫೇಸಿಸ್ ಬಯಲು ಸೀಮೆಯ ಬಾವಿ, ಕಾಲುವೆಗಳಲ್ಲಿ ಮೊಟ್ಟೆ ಇಡುತ್ತದೆ. ಸ್ಟೀಫೆನ್ಸಿ ಹೆಚ್ಚಾಗಿ ಪಟ್ಟಣದ್ದು: ಮಹಡಿ ಮೇಲಿನ ಟ್ಯಾಂಕು, ಕಟ್ಟುತ್ತಿರುವ ಕಟ್ಟಡದ ತೊಟ್ಟಿ. ಮಂಗಳೂರಿನಲ್ಲಿ ಕಟ್ಟಡಗಳು ಏಳುತ್ತಿದ್ದಂತೆ ಮಲೇರಿಯಾ ಕಾಡಿದ್ದು ಇದರಿಂದ. ಒಂದೊಂದಕ್ಕೆ ಒಂದೊಂದು ಬದುಕುವ ರೀತಿ, ಒಂದೊಂದು ಜಾಗ. ಪುಸ್ತಕದಲ್ಲಿ ಬರುವ ಜೀವಿನೆಲೆ ಎಂಬ ಕಲ್ಪನೆ ಇದೇ.

ಕ್ಯುಲಿಸಿಫೇಸಿಸ್ ಬಾವಿಯಲ್ಲಿ ಹುಟ್ಟುತ್ತದೆ ಎಂದು ಗೊತ್ತಾದ ಮೇಲೆ ಕರ್ನಾಟಕದ ಕೆಲವು ಹಳ್ಳಿಗಳಲ್ಲಿ ಬಾವಿಗೆ ಗಪ್ಪಿಯಂಥ ಮೀನು ಬಿಟ್ಟರು. ಪಾಚಿಯನ್ನು ಸೊಳ್ಳೆಮರಿ ತಿನ್ನುತ್ತದೆ, ಸೊಳ್ಳೆಮರಿಯನ್ನು ಮೀನು, ಮೀನನ್ನು ಮಿಂಚುಳ್ಳಿ. ಪರೀಕ್ಷೆಗೆ ಬರೆಯುವ ಆಹಾರ ಸರಪಳಿ. ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ದಾಟುವ ಶಕ್ತಿ ಸುಮಾರು ಹತ್ತನೇ ಒಂದು ಭಾಗ, ಉಳಿದದ್ದು ಓಡಾಟಕ್ಕೆ, ಉಸಿರಾಟಕ್ಕೆ, ಶಾಖಕ್ಕೆ ಖರ್ಚು. ಹಾಗಾಗಿ ಒಂದು ಬಾವಿಯಲ್ಲಿ ಸಾವಿರಾರು ಸೊಳ್ಳೆಮರಿ ಇರಬಹುದು, ಅದರ ಮೇಲೆ ಕೂರುವ ಮಿಂಚುಳ್ಳಿ ಒಂದೋ ಎರಡೋ.

ಶಕ್ತಿ ಸೋರುತ್ತದೆ, ವಿಷ ಸೋರುವುದಿಲ್ಲ. ಕೀಟನಾಶಕ ಡಿಡಿಟಿಯ ಕಥೆ ಇದು. ಅದು ಕೊಬ್ಬಿನಲ್ಲಿ ಕರಗುತ್ತದೆ, ಮೈಯಿಂದ ಸುಲಭಕ್ಕೆ ಹೊರಗೆ ಹೋಗುವುದಿಲ್ಲ. ಮೀನು ನೂರು ಮರಿ ತಿಂದರೆ ನೂರರ ವಿಷದ ಬಹುಪಾಲು ಮೀನಿನಲ್ಲಿ. ಮೇಲಿನ ಮೆಟ್ಟಿಲಿನ ಹಕ್ಕಿಗೆ ಹೋಗುವಷ್ಟರಲ್ಲಿ ಅದು ಎಷ್ಟೋ ಪಟ್ಟು ದಟ್ಟ. ಗಿಡುಗದಂಥ ಹಕ್ಕಿಗಳ ಮೊಟ್ಟೆಯ ಚಿಪ್ಪು ತೆಳುವಾಗಿ ಕಾವಿಗೆ ಕೂತಾಗಲೇ ಒಡೆಯುತ್ತಿದ್ದವು.

ಆದರೂ ಡಿಡಿಟಿಯಿಂದ ಲಾಭವಾಗಲಿಲ್ಲ ಎನ್ನುವಂತಿಲ್ಲ. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ 7.5 ಕೋಟಿ ಮಲೇರಿಯಾ ಪ್ರಕರಣ ಎಂಬ ಅಂದಾಜಿತ್ತು. 1953ರಲ್ಲಿ ಮನೆ ಮನೆಗೆ ಡಿಡಿಟಿ ಹೊಡೆಯುವ ಕಾರ್ಯಕ್ರಮ ಶುರುವಾಗಿ, 1960ರ ದಶಕದ ಮಧ್ಯದಲ್ಲಿ ಅದು ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಇನ್ನೇನು ಮುಗಿಯಿತು ಎಂದುಕೊಂಡರು. 1976ರಲ್ಲಿ ಮತ್ತೆ 64 ಲಕ್ಷ. ನಿಗಾ ಸಡಿಲವಾದದ್ದು ಒಂದು ಕಾರಣ. ಇನ್ನೊಂದು ಕಾರಣ ಸೊಳ್ಳೆ.

ಸೊಳ್ಳೆ ಔಷಧಿ ಅಭ್ಯಾಸ ಮಾಡಿಕೊಂಡುಬಿಟ್ಟಿದೆ ಎಂದು ಮನೆಮನೆಯಲ್ಲೂ ಹೇಳುತ್ತಾರೆ. ಅಭ್ಯಾಸ ಆಗುವುದು ಕಾಫಿಗೆ. ಒಂದು ಸೊಳ್ಳೆ ತನ್ನ ಜೀವಮಾನದಲ್ಲಿ ಡಿಡಿಟಿಗೆ ಒಗ್ಗಿಕೊಳ್ಳುವುದಿಲ್ಲ, ಸಾಯುತ್ತದೆ. ಲಕ್ಷದಲ್ಲಿ ಒಂದೆರಡರಲ್ಲಿ, ಔಷಧಿ ಬರುವ ಮೊದಲೇ, ಆಕಸ್ಮಿಕವಾಗಿ ಆದ ಒಂದು ಅಕ್ಷರದೋಷ ಇತ್ತು. ಔಷಧಿ ಇಲ್ಲದ ಕಾಲದಲ್ಲಿ ಅದರಿಂದ ಪ್ರಯೋಜನವಿರಲಿಲ್ಲ, ಕೆಲವೊಮ್ಮೆ ತೊಡಕೇ. ಔಷಧಿ ಹೊಡೆದಾಗ ಉಳಿದವು ಅವೇ. ಮರಿ ಹಾಕಿದವೂ ಅವೇ. ಹುಣಸೆ ಬೀಜದ ಗಡಿಗೆಯ ಅದೇ ಲೆಕ್ಕ. ನಮ್ಮಲ್ಲಿ ಸಾವಿರಾರು ವರ್ಷ ಹಿಡಿದದ್ದು ಅವುಗಳಲ್ಲಿ ಹತ್ತಿಪ್ಪತ್ತು ವರ್ಷಕ್ಕೆ ಮುಗಿಯಿತು, ಯಾಕೆಂದರೆ ಸೊಳ್ಳೆಯ ಒಂದು ತಲೆಮಾರು ಎಂದರೆ ಕೆಲವೇ ವಾರ.

ಸೊಸೆ ಇಷ್ಟೆಲ್ಲ ಕೇಳಿ ಕೊನೆಗೆ ಕೇಳಿದಳು: "ಹಾಗಾದರೆ ಎಸ್ ಒಳ್ಳೆಯ ಜೀನಾ, ಕೆಟ್ಟ ಜೀನಾ?" ಯಾವ ಊರಲ್ಲಿ ಎಂದು ಕೇಳು, ಆಮೇಲೆ ಹೇಳುತ್ತೇನೆ ಎಂದೆ. ಕೀನ್ಯಾದ ಕರಾವಳಿಯಲ್ಲಿ ಒಂದು ಪ್ರತಿ ಒಳ್ಳೆಯದು. ಚಳಿಯ ಗುಡ್ಡದ ಮೇಲೆ ಸುಮ್ನೆ ಹೊರೆ. ಎರಡು ಪ್ರತಿ ಎಲ್ಲಿದ್ದರೂ ಕಷ್ಟ.

ಊರುಗಳೂ ಇದ್ದ ಹಾಗೇ ಇರುವುದಿಲ್ಲವಲ್ಲ. ನಮ್ಮ ಪಟ್ಟಣಗಳ ಟ್ಯಾಂಕಿನಲ್ಲಿ ಹುಟ್ಟುವ ಸ್ಟೀಫೆನ್ಸಿ 2012ರಲ್ಲಿ ಆಫ್ರಿಕದ ಜಿಬೂಟಿಯಲ್ಲಿ ಕಾಣಿಸಿಕೊಂಡಿತು. ನಾಲ್ಕೇ ವರ್ಷದಲ್ಲಿ ಇಥಿಯೋಪಿಯಾ ತಲುಪಿತು. ಅಲ್ಲಿನ ಹಳೆಯ ಸೊಳ್ಳೆಗಳಿಗೆ ಮಳೆಗಾಲದ ಹೊಂಡ ಬೇಕಿತ್ತು, ಇದಕ್ಕೆ ನೀರು ತುಂಬಿಟ್ಟ ಡ್ರಮ್ಮು ಸಾಕು. ಬೇಸಿಗೆಯೂ ಆಗುತ್ತದೆ, ಪಟ್ಟಣವೂ ಆಗುತ್ತದೆ. 2022ರಲ್ಲಿ ಡಿರೆ ಡಾವಾ ನಗರದಲ್ಲಿ ಮಳೆಯಿಲ್ಲದ ಕಾಲದಲ್ಲೇ ಮಲೇರಿಯಾ ಎದ್ದಿತು. ಇಥಿಯೋಪಿಯಾದ ಎತ್ತರದ ನಾಡಿನ ಜನರ ರಕ್ತದಲ್ಲಿ ಎಸ್ ತೀರಾ ಅಪರೂಪ.